ಐವತ್ತೊಂದನೆಯ ಪುಟ

ಮೂರು ವರ್ಷ ಯಾರೂ ತೆರೆಯದ ಪುಸ್ತಕವನ್ನು ಅಳಿಸಿಹಾಕಬೇಕು ಎಂದು ಆದೇಶ ಬಂದ ಮೇಲೆ, ದಾಕ್ಷಾಯಣಿ ಕಲಾಲ ಮತ್ತು ಅಟೆಂಡರ್ ಹುಸೇನಬಿ ದಿನಾ ಬೆಳಿಗ್ಗೆ ಎಂಟಕ್ಕೇ ಗ್ರಂಥಾಲಯಕ್ಕೆ ಬಂದು ಪುಸ್ತಕಗಳಿಗೆ ಕೈ ಮುಟ್ಟಿಸತೊಡಗಿದರು.

ಕೈ ಮುಟ್ಟಿಸುವುದು ಎಂಬುದು ಅವರೇ ಇಟ್ಟುಕೊಂಡ ಹೆಸರು. ಓದುಗರು ಬರುವುದು ಹತ್ತು ಗಂಟೆಗೆ. ಅದಕ್ಕೆ ಮೊದಲು ಎರಡು ತಾಸು ಇಬ್ಬರೂ ನಾಲ್ಕು ನಾಲ್ಕು ಪರದೆ ಹಚ್ಚಿಕೊಂಡು ಕೂತು, ಪಟ್ಟಿಯಲ್ಲಿ ಕೆಂಪು ಚುಕ್ಕೆ ಬಿದ್ದ ಪುಸ್ತಕಗಳನ್ನು ಒಂದೊಂದಾಗಿ ತೆರೆಯುವರು. ಒಂದು ಪುಟ ತೆರೆದು ಒಂದು ನಿಮಿಷ ಬಿಟ್ಟರೆ ಸಾಕು, ಯಾರೋ ಓದಿದರು ಎಂದು ಅತ್ತ ದಾಖಲಾಗುತ್ತಿತ್ತು. ಕೆಂಪು ಚುಕ್ಕೆ ಹಸಿರಾಗುತ್ತಿತ್ತು. ಆ ಪುಸ್ತಕ ಇನ್ನು ಮೂರು ವರ್ಷ ಬದುಕಿತು ಅಂತಲೇ ಅರ್ಥ.

ತೆರೆಯುತ್ತಿದ್ದದ್ದು ಐವತ್ತೊಂದನೆಯ ಪುಟ. ಅದಕ್ಕೆ ಕಾರಣವಿತ್ತು. ಕಾಗದದ ಪುಸ್ತಕಗಳಿದ್ದ ಕಾಲದಲ್ಲಿ ಪ್ರತಿ ಗ್ರಂಥಾಲಯಕ್ಕೂ ಒಂದು ಗುಪ್ತ ಪುಟ ಇರುತ್ತಿತ್ತು. ಕದಿಯುವವರು ಮೊದಲ ಪುಟ, ಕೊನೆಯ ಪುಟ ಹರಿದುಹಾಕಿ ಪುಸ್ತಕ ತಮ್ಮದೆನ್ನುತ್ತಾರೆ. ಆದ್ದರಿಂದ ಒಳಗಿನ ಯಾವುದೋ ಒಂದು ಪುಟದ ಮೂಲೆಯಲ್ಲಿ ಮೊಹರು ಒತ್ತಿ ನಂಬರು ಬರೆದಿಡುವುದು. ದಾಕ್ಷಾಯಣಿ ಕೆಲಸಕ್ಕೆ ಸೇರಿದ ಗ್ರಂಥಾಲಯದಲ್ಲಿ ಅದು ಐವತ್ತೊಂದು. ಪುಸ್ತಕ ಕೈಗೆ ಬಂದರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಕಾಗದ ಹೋಗಿ ಪರದೆ ಬಂದ ಮೇಲೂ ಬೆರಳಿನ ರೂಢಿ ಹೋಗಲಿಲ್ಲ. ಆರು ವರ್ಷದ ಹಿಂದೆ ಜಿಲ್ಲೆಯ ತರಬೇತಿಯಲ್ಲಿ ಬೇರೆ ಊರಿನ ಗ್ರಂಥಪಾಲಕರು, "ಅಕ್ಕಾರ, ಯಾವ ಪುಟಾ ಮುಟ್ಟಬೇಕ್ರಿ? ಮದಲನೇ ಪುಟಾ ತೆರದ್ರ ಮಷೀನ ಓದಿದ್ದು ಅಂತ ಹಿಡಿಯಂಗಿಲ್ಲ" ಎಂದು ಕೇಳಿದಾಗ ಅವಳೇ ಹೇಳಿದ್ದಳು:

"ಎಲ್ಲಾರೂ ಐವತ್ತೊಂದ ಮುಟ್ರಿ. ಒಂದ ನಂಬರ ಇದ್ರ ಮರೆಯಂಗಿಲ್ಲ."

ಎಲ್ಲರೂ ಬರೆದುಕೊಂಡಿದ್ದರು. ಜಿಲ್ಲೆಯಿಂದ ಜಿಲ್ಲೆಗೆ ಆ ಮಾತು ಹೋಯಿತು. ಮೇಲಿನವರಿಗೆ ಮಾತ್ರ ಯಾರೂ ಹೇಳಲಿಲ್ಲ.

ಪುಸ್ತಕಗಳೆಲ್ಲ ಈಗ ಇರುವುದು ಇಳಕಲ್ಲಿನಾಚೆ, ಕೈಬಿಟ್ಟ ಒಂದು ಕಲ್ಲುಗಣಿಯ ತಳದಲ್ಲಿ. ನೆಲದೊಳಗೆ ತಂಪಿರುತ್ತದೆ ಎಂದು ಅಲ್ಲಿ ಯಂತ್ರಗಳನ್ನು ಇಳಿಸಿದ್ದಾರೆ. ಸರ್ಕಾರಿ ಹೆಸರು ಉದ್ದದ್ದು. ಜನ ಅದನ್ನು ಹಗೇವು ಎನ್ನುತ್ತಾರೆ, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದ ಕುಳಿಗೆ ಅನ್ನುತ್ತಿದ್ದಂತೆ. ಕಾಗದದ ಪ್ರತಿಗಳನ್ನು ಒಳಗೆ ಓದಿಸಿಕೊಂಡು ಆಮೇಲೆ ರದ್ದಿಗೆ ಹಾಕಿದರು. ಒಂದು ಕೃತಿ, ಒಂದೇ ನೆಲೆ. ಅದು ನಿಯಮ.

ಏಪ್ರಿಲ್ ಮೊದಲ ವಾರ ಶಾವಂತ್ರೆವ್ವ ಕುಂಬಾರ ಗ್ರಂಥಾಲಯದ ಮೆಟ್ಟಿಲು ಹತ್ತಿ ಬಂದಳು. ವಯಸ್ಸು ಎಂಬತ್ತೊಂದು, ಎರಡೂ ಕಣ್ಣು ಹೋಗಿ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ಹೊನ್ನದಿನ್ನಿಯಲ್ಲಿ ಅಂಗನವಾಡಿ ಅಕ್ಕೋರಾಗಿದ್ದವಳು. ಅಣೆಕಟ್ಟೆಯ ಗೇಟು ಮತ್ತೆ ಎತ್ತರಿಸಿದ ವರ್ಷ ಹೊನ್ನದಿನ್ನಿ ಹಿನ್ನೀರಿನಲ್ಲಿ ಮುಳುಗಿತು. ಊರಿನವರಿಗೆ ಗ್ರಂಥಾಲಯವಿರುವ ಈ ಬಡಾವಣೆಯಲ್ಲಿ ಮನೆ ಕೊಟ್ಟರು. ಬಂದ ಮೇಲೆ ಶಾವಂತ್ರೆವ್ವ ತನ್ನ ಸರ್ವೆ ರಜಿಸ್ಟರ್ ಮುಂದಿಟ್ಟುಕೊಂಡು ಒಂದು ಪುಸ್ತಕ ಬರೆದಳು. ಹೆಸರು 'ಹೊನ್ನದಿನ್ನಿಯ ಇನ್ನೂರಾ ಹದಿನಾಲ್ಕು ಮನೆಗಳು'. ಒಂದನೇ ಮನೆಯಿಂದ ಕೊನೆಯ ಮನೆಯವರೆಗೆ, ಓಣಿ ಹಿಡಿದು ಸಾಲಿನ ಪ್ರಕಾರ, ಯಾರಿದ್ದರು, ಏನು ಮಾಡುತ್ತಿದ್ದರು, ಹಿತ್ತಲಲ್ಲಿ ಏನಿತ್ತು. ಮುನ್ನೂರು ಪ್ರತಿ ಅಚ್ಚಾಗಿತ್ತು. ಹುಳ ತಿಂದು, ಮಳೆಗೆ ನೆನೆದು, ಕೊನೆಗೆ ಉಳಿದ ಒಂದು ಪ್ರತಿಯನ್ನು ಹನ್ನೊಂದು ವರ್ಷದ ಹಿಂದೆ ದಾಕ್ಷಾಯಣಿಯೇ ಮನೆಗೆ ಹೋಗಿ ಕೇಳಿ ತಂದಿದ್ದಳು. "ನಿಮ್ಮ ಮನ್ಯಾಗ ಗೆದ್ದಲ ತಿಂತಾವ್ರಿ ಅಕ್ಕೋರ, ಹಗೇವಿನ್ಯಾಗ ಹಾಕಿದ್ರ ಕಾಯಂ ಉಳಿತೈತಿ" ಎಂದಿದ್ದಳು.

"ತಂಗಿ, ಗೇಟ ರಿಪೇರಿಗಿ ಅಂತ ಬರೋ ತಿಂಗಳ ನೀರ ಪೂರಾ ಇಳಸ್ತಾರಂತ. ಎಂಟ ದಿನ ಊರ ಹೊರಗ ಬೀಳತೈತಂತ" ಎಂದಳು ಶಾವಂತ್ರೆವ್ವ, ಕುರ್ಚಿಯ ತೋಳು ಸವರಿ ಕೂರುತ್ತ. "ಎಲ್ಲಾರೂ ಹೊಂಟಾರ ನೋಡಾಕ. ಹೋಗಿ ಏನ ನೋಡ್ತಾರ, ಬರೇ ಕಲ್ಲು. ಯಾ ಕಲ್ಲ ಯಾರ ಮನೀದು ಅಂತ ನನ್ನ ಪುಸ್ತಕ ಅಷ್ಟ ಹೇಳತೈತಿ. ಈಗ ಒಮ್ಮಿ ಕೇಳಸವಾ. ಮರ್ತಿದ್ದ ನೆಪ್ಪ ಮಾಡ್ಕೊಂಡು, ಓಣಿ ಓಣಿ ಎಲ್ಲಾರಿಗೂ ನಾನ ತೋರಸ್ತೀನಿ."

"ಕಣ್ಣ ಇಲ್ದ ಹೆಂಗ ತೋರಸ್ತೀರಿ?" ಎಂದಳು ಹುಸೇನಬಿ.

"ನಿಂಗ ಕಣ್ಣ ಅದಾವ, ನೀ ತೋರಸು ನೋಡೂಣು."

ಹುಸೇನಬಿ ನಗುತ್ತ ಅವಳ ಕಿವಿಗೆ ಶ್ರವಣಯಂತ್ರ ಸಿಕ್ಕಿಸಿದಳು. ಹಗೇವು ಓದತೊಡಗಿತು. ಒಳ್ಳೆಯ ದನಿ, ತಿಳಿಯಾದ ಕನ್ನಡ. ಐದು ನಿಮಿಷಕ್ಕೆ ಶಾವಂತ್ರೆವ್ವ ಯಂತ್ರ ತೆಗೆದು ಮಡಿಲಲ್ಲಿಟ್ಟಳು.

"ಬ್ಯಾರೇದು ಹಚ್ಚೀ."

"ಇಲ್ರಿ, ನಿಮ್ಮದ."

"ನಂದಲ್ಲ. ಊರ ಹೆಸರಷ್ಟ ನಮ್ಮದು. ಊರ ಬಾಯಾಗ ದೊಡ್ಡ ಆಲದ ಮರ ಅಂತ, ಅದರ ಕೆಳಗ ಹಿರ್ಯಾರ ಕುಂದರ್ತಾರಂತ. ನಮ್ಮೂರಾಗ ಆಲದ ಮರಾನ ಇದ್ದಿಲ್ಲ. ಎರಿ ಭೂಮಿ, ಬರೇ ಜಾಲಿ ಕಂಟಿ. ನೆಳ್ಳಿಗಿ ಕುಂದರಬೇಕಂದ್ರ ಬಸ್ಸಿನ ಕೆಳಗ ಕುಂದರತಿದ್ವಿ."

ವಯಸ್ಸಾದವಳು, ಮರೆತಿರಬೇಕು ಎಂದೇ ದಾಕ್ಷಾಯಣಿಗೆ ಮೊದಲು ಅನಿಸಿತು. ಸಮಾಧಾನಕ್ಕೆಂದು ಪರದೆಯಲ್ಲಿ ಪುಸ್ತಕ ತೆರೆದಳು. ಬೆರಳು ರೂಢಿಯಂತೆ ಐವತ್ತೊಂದಕ್ಕೆ ಹೋಯಿತು. ಜೋರಾಗಿ ಓದಿದಳು:

'ಮಡಕೆ ಸುಡುವ ಆವಿಗೆಯ ಹಿಂದೆ ಎರಡು ಮನೆ. ನೂರಾ ಹನ್ನೆರಡನೆಯದು ಕುಂಬಾರ ಯಮನವ್ವನದು. ಐದು ಜನ, ಒಂದು ಕತ್ತೆ. ಯಮನವ್ವ ಮಗುವನ್ನು ಎತ್ತಿ ನೋಡಿ ತೂಕ ಹೇಳುತ್ತಿದ್ದಳು. ಅವಳ ಕೈಗೂ ನನ್ನ ತಕ್ಕಡಿಗೂ ನೂರು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದಿಲ್ಲ. ನೂರಾ ಹದಿಮೂರನೆಯದು ಪಿಂಜಾರ ದಾವಲಸಾಬನದು. ಈ ಮನೆಗೆ ಕದ ಇರಲಿಲ್ಲ, ಗೋಣಿಚೀಲ ಇಳಿಬಿಟ್ಟಿದ್ದರು. ಊರು ಬಿಡುವ ದಿನ ಎಲ್ಲರೂ ಬಾಗಿಲು ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರೆ, ದಾವಲಸಾಬ ಎಲ್ಲಿಂದಲೋ ಹೊಸ ಕದ ತಂದು ಚೌಕಟ್ಟು ಸಮೇತ ನಿಲ್ಲಿಸಿ, ಚಿಲಕ ಹಾಕಿ ಹೊರಟ. ಯಾಕೋ ಅಂತ ಕೇಳಿದೆ. ಅದಕ್ಕೆ ಅವನು ಹೇಳಿದ್ದು'

ಅಲ್ಲಿಗೆ ಪುಟ ಮುಗಿದಿತ್ತು. ಶಾವಂತ್ರೆವ್ವ ನೆಟ್ಟಗೆ ಕೂತಿದ್ದಳು.

"ಇದ! ಇದ ನಂದು! ಮುಂದಿಂದ ಓದು."

ದಾಕ್ಷಾಯಣಿ ಐವತ್ತೆರಡಕ್ಕೆ ಹೋದಳು. "'ಊರು ನಮ್ಮ ತಾಯಿ. ತಾಯಿಯನ್ನು ಬರಿಗೈಯಲ್ಲಿ ಬಿಟ್ಟು ಹೋಗಲಾರೆ ಎಂದು ದಾವಲಸಾಬನು ಆಲದ ಮರದ ಕೆಳಗೆ ನಿಂತು ಕಣ್ಣೀರಿಟ್ಟನು.'"

"ಅಂವಾ?" ಶಾವಂತ್ರೆವ್ವ ಗಟ್ಟಿಯಾಗಿ ನಕ್ಕಳು. "ಅಂವ ಹಂಗ ಮಾತಾಡೋ ಮನಷ್ಯಾನ ಅಲ್ಲ. ಅಂವ ಅಂದಿದ್ದ ಬ್ಯಾರೇನ. ಕೇಳಿದ್ರ ಹೊಟ್ಟಿ ಹಿಡಕೊಂಡ ನಗತೀರಿ ಇಬ್ರೂ."

"ಏನಂದ ಹೇಳ್ರಿ ಮತ್ತ" ಎಂದಳು ಹುಸೇನಬಿ.

"ಒಂದನೇ ಮನಿ ಬಿಟ್ಟು ನೂರಾ ಹದಿಮೂರಕ್ಕ ಜಿಗದ್ರ ಸರ್ವೆ ಅನ್ನಂಗಿಲ್ಲ ಅದಕ್ಕ. ಆ ಮನಿ ಬಂದಾಗ ಹೇಳತೀನಿ."

ಆ ಸಂಜೆ ದಾಕ್ಷಾಯಣಿ ಮನೆಗೆ ಬಂದಾಗ ಗಂಡ ಈರಪ್ಪ ಜಗಲಿಯ ಮೇಲೆ ಕಿವಿಗೆ ಯಂತ್ರ ಹಾಕಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು. ಡ್ಯೂಟಿಯಲ್ಲಿದ್ದಾಗ ಡಿಪೋದಲ್ಲಿ ಸಿಕ್ಕ ಕಾದಂಬರಿಗಳನ್ನೆಲ್ಲ ಈಗ ಒಂದೊಂದಾಗಿ ಕೇಳುತ್ತಿದ್ದ.

"ಯಾವುದ್ರಿ ಅದು?"

"ಆ ಡ್ರೈವರಂದು. ಕಡೀಕ ಅವನ ಹೇಣ್ತಿ ಬಾಗಲದಾಗ ದೀಪಾ ಹಿಡಕೊಂಡ ನಿಂತಿರ್ತಾಳಲ್ಲ, ಅದು. ಎಷ್ಟ ಚಂದ ಬರದಾರ."

ದಾಕ್ಷಾಯಣಿಗೆ ಆ ಕಾದಂಬರಿ ಚೆನ್ನಾಗಿ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವನೇ ಓದಿಸಿದ್ದ. ಕೊನೆಯಲ್ಲಿ ಹೆಂಡತಿ ದೀಪ ಹಿಡಿದು ನಿಂತಿರಲಿಲ್ಲ. ಮನೆಗೆ ಬೀಗ ಹಾಕಿ ತವರಿಗೆ ಹೋಗಿದ್ದಳು. ಅದಕ್ಕೇ ಆ ಪುಸ್ತಕ ಅವಳಿಗೆ ಹಿಡಿಸಿತ್ತು. ಅವನಿಗೂ ಅದನ್ನೇ ಹೇಳಿ ಜಗಳವಾಡಿದ್ದಳು.

"ಮದಲ ಹಿಂಗ ಇತ್ತೇನ್ರಿ ಅದು?"

"ಹಿಂಗ ಇತ್ತಲ್ಲ. ಮತ್ತೆ ಹೆಂಗ?" ಎಂದ ಈರಪ್ಪ. ಅವನ ಮುಖದಲ್ಲಿ ಯಾವ ಅನುಮಾನವೂ ಇರಲಿಲ್ಲ. ಅವಳು ಅಡುಗೆ ಮನೆಗೆ ಹೋಗಿ ಹಿಟ್ಟು ನಾದಿದಳು. ರೊಟ್ಟಿ ಎರಡು ಹೊತ್ತಿಕೊಂಡವು.

ಮೂರನೆಯ ದಿನ ರಜೆ ಹಾಕಿ ಹಗೇವಿಗೆ ಹೋದಳು. ಲಿಫ್ಟು ಗಣಿಯ ತಳಕ್ಕೆ ಇಳಿಯಿತು. ಸುತ್ತ ಕೆಂಪು ಕಲ್ಲಿನ ಗೋಡೆ, ಹಿಂದೆ ಕಲ್ಲು ಸೀಳಿದ ಉಳಿಗೆರೆಗಳು ಇನ್ನೂ ಹಾಗೇ ಇದ್ದವು. ನಿಯಂತ್ರಣ ಕೋಣೆಯಲ್ಲಿ ಅಭಿನಂದನ ಉಪಾಧ್ಯೆ ಎಂಬ ಎಂಜಿನಿಯರ್ ಇದ್ದ. ನಲವತ್ತರ ಹತ್ತಿರದವನು, ಮರ್ಯಾದಸ್ಥ. ದೂರದಿಂದ ಬಂದವಳೆಂದು ಚಹಾ ತರಿಸಿ, ಅವಳು ಹೇಳಿದ್ದನ್ನು ಪೂರ್ತಿ ಕೇಳಿದ.

"ಮೇಡಂ, ನಿಮಗ ಮುಚ್ಚಿಡೋದ ಏನೈತಿ" ಎಂದ. "ಇಲ್ಲಿ ಪುಸ್ತಕ ಅಕ್ಷರ ಅಕ್ಷರ ಇರಂಗಿಲ್ರಿ. ಅಷ್ಟು ಇಡಾಕ ಕರೆಂಟ ಸಾಲಂಗಿಲ್ಲ. ಮನಷ್ಯಾನ ತಲಿ ಹೆಂಗ, ಹಂಗ. ಎಲ್ಲಾ ಪುಸ್ತಕ ಕೂಡಿ ಒಂದ ನೆನಪು. ಯಾವ ಭಾಗ ಮಂದಿ ತೆರೀತಾರ, ಅದು ಚೊಕ್ಕ ಉಳೀತೈತಿ. ತೆರೀದಿದ್ದು ಮಸಕ ಆಕ್ಕೋತ ಹೋಗತೈತಿ. ಯಾರರೆ ಕೇಳಿದ್ರ ಅಂಥಾವ ಬ್ಯಾರೆ ಪುಸ್ತಕ ನೋಡಿ ಅಲ್ಲಿ ಹೆಂಗಿರಬೇಕು ಅಂತ ತಾನ ತುಂಬಿ ಕೊಡತೈತಿ."

"ಅಂದ್ರ ರಫೂ."

"ಹಾಂ, ರಫೂ ಅನ್ರಿ."

"ತೂತ ಇದ್ದಲ್ಲಿ ಹಾಕಿದ್ರ ರಫೂ, ಸರ. ಸೀರಿನ ಇಲ್ಲದಾಗ?"

ಅವನು ಪರದೆಯ ಮೇಲೆ ಶಾವಂತ್ರೆವ್ವನ ಪುಸ್ತಕ ತೋರಿಸಿದ. ಪುಟಗಳೆಲ್ಲ ಉದ್ದನೆಯ ಕಪ್ಪು ಪಟ್ಟಿಯಾಗಿ ಕಂಡವು. ನಡುವೆ ಒಂದು ಕಡೆ ಕೂದಲೆಳೆಯಷ್ಟು ಬೆಳಕಿನ ಗೆರೆ. ಆಮೇಲೆ ಬೇರೆ ಪುಸ್ತಕಗಳನ್ನು ಅದರ ಕೆಳಗೆ ಒಂದೊಂದಾಗಿ ಜೋಡಿಸಿದ. ನೂರು, ಸಾವಿರ, ಹತ್ತು ಸಾವಿರ. ಕೆಲವು ಅಲ್ಲಲ್ಲಿ ಬೆಳಗುತ್ತಿದ್ದವು. ಬಹಳಷ್ಟು ಪೂರ್ತಿ ಕಪ್ಪು. ಆದರೆ ಎಲ್ಲದರಲ್ಲೂ ಅದೇ ಜಾಗಕ್ಕೆ ಅದೇ ಗೆರೆ. ಮೇಲಿನಿಂದ ಕೆಳಗೆ ನೂಲು ಇಳಿಬಿಟ್ಟಂತೆ.

"ಇದೊಂದ ನಮಗೂ ತಿಳದಿಲ್ರಿ" ಎಂದ ಉಪಾಧ್ಯೆ. ಅವನ ದನಿಯಲ್ಲಿ ಉತ್ಸಾಹವಿತ್ತು. "ಕನ್ನಡ ಓದಗರು ಐವತ್ತೊಂದನೇ ಪುಟಾನ ಯಾಕ ಅಷ್ಟು ಓದ್ತಾರ? ನಾವು ಇದರ ಮ್ಯಾಲೆ ಒಂದ ಪ್ರಬಂಧ ಬರದೀವಿ. ಕಥಿ ಆ ಹೊತ್ತಿಗೆ ಹಿಡಿತಕ್ಕ ಬರತೈತಿ ಅಂತ ನಮ್ಮ ಅಂದಾಜು."

ದಾಕ್ಷಾಯಣಿ ಚಹಾದ ಲೋಟ ಕೆಳಗಿಟ್ಟಳು.

"ಅದು ಓದಗರಲ್ರೀ ಸರ. ನಾವು."

ಹೇಳಿದಳು. ಗುಪ್ತ ಪುಟ, ಮೊಹರು, ಬೆಳಗಿನ ಎರಡು ತಾಸು, ತರಬೇತಿಯಲ್ಲಿ ತಾನು ಹೇಳಿದ ಮಾತು.

"ನೀವು ಮುಟ್ಟದ ಹೋಗಿದ್ರ ಆ ಪುಸ್ತಕ ಪೂರಾ ಹೋಗತಿದ್ವು" ಎಂದ ಉಪಾಧ್ಯೆ. ಸಮಾಧಾನ ಹೇಳುವುದಕ್ಕೆ ಹೇಳಿದ್ದು.

"ಹೋಗಿದ್ರ ಹೋಗ್ಯಾವ ಅಂತರೆ ಗೊತ್ತಾಗತಿತ್ತು."

"ಮತ್ತ, ಯಾರೂ ತಕರಾರ ಮಾಡಿಲ್ಲ ಮೇಡಂ. ಖರೇ ಹೇಳಬೇಕಂದ್ರ ಈಗ ಮದಲಿಗಿಂತ ಜಾಸ್ತಿ ಮಂದಿ ಕೇಳ್ತಾರ."

ಅವಳಿಗೆ ಜಗಲಿಯ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದ ಈರಪ್ಪ ನೆನಪಾದ.

ಶಾವಂತ್ರೆವ್ವನ ಪುಸ್ತಕಕ್ಕೆ ಒಂದು ದಾರಿಯಿದೆ ಎಂದ ಉಪಾಧ್ಯೆ. ಬರೆದವರು ಬದುಕಿದ್ದರೆ ತಿದ್ದುಪಡಿಗೆ ಅವಕಾಶವುಂಟು. ಆದರೆ ಹೊಸದಾಗಿ ಹೇಳಿ ಬರೆಸಿದರೆ ಹಗೇವು ಅದನ್ನು ಬೇರೆ ಪುಸ್ತಕವೆಂದು ಹಿಡಿಯುತ್ತದೆ. ಈಗಿರುವ ಪುಟಗಳನ್ನು ಒಂದೊಂದಾಗಿ ಪೂರ್ತಿ ಕೇಳಿ, ಇದು ತಪ್ಪು, ಇಲ್ಲಿ ಹೀಗಿತ್ತು ಎಂದು ಪುಟದ ನಂಬರಿನೊಂದಿಗೆ ಹೇಳಬೇಕು. ತೊಂಬತ್ತೆಂಟು ಪುಟ.

ಕರಡು ತಿದ್ದಿದ ಹಾಗೆ, ಎಂದುಕೊಂಡಳು ದಾಕ್ಷಾಯಣಿ. ಅದರಲ್ಲಿ ಅವಳಿಗೆ ಯಾವ ಅಪಾಯವೂ ಕಾಣಲಿಲ್ಲ.

ಶಾವಂತ್ರೆವ್ವನ ಮನೆ ಬಡಾವಣೆಯ ಕೊನೆಯ ಸಾಲಿನಲ್ಲಿ. ಸೊಸೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಪಟಪಟ ಸದ್ದು. ದಾಕ್ಷಾಯಣಿ ಮುದುಕಿಗೆ ಶ್ರವಣಯಂತ್ರ ಕೊಟ್ಟು ಬಂದಳು. ಬೆಳಿಗ್ಗೆ ಮೂರು ಪುಟ ಕೇಳಿ ತಪ್ಪು ಗುರುತಿಟ್ಟುಕೊಳ್ಳಬೇಕು. ಮಧ್ಯಾಹ್ನ ಗ್ರಂಥಾಲಯ ಮುಚ್ಚಿದ ಹೊತ್ತಿನಲ್ಲಿ ದಾಕ್ಷಾಯಣಿ ಬಂದು ಬರೆದುಕೊಳ್ಳುತ್ತಾಳೆ. ಹಗೇವಿನ ಮೇಲೆ ಅವಳಿಗೆ ಭರವಸೆ ಉಳಿದಿರಲಿಲ್ಲವಾದ್ದರಿಂದ, ತಪ್ಪಿನ ಪಟ್ಟಿಯ ಜೊತೆಗೆ ನೂರು ಹಾಳೆಯ ಒಂದು ನೋಟ್‌ಬುಕ್ಕಿನಲ್ಲಿ ಶಾವಂತ್ರೆವ್ವ ಹೇಳುವ ಮನೆಗಳನ್ನು ಪೆನ್ನಿನಿಂದ ಬರೆದಿಡತೊಡಗಿದಳು.

ಮೊದಲ ವಾರ ಹಬ್ಬದಂತಿತ್ತು.

"ಹದಿನೇಳನೇ ಪುಟಾ ಬರಕೋ. ನಮ್ಮೂರಾಗ ತೇರಂತ! ತೇರ ಎಳ್ಯಾಕ ನಮ್ಮೂರಾಗ ನೆಟ್ಟಗ ಒಂದ ರಸ್ತೆ ಇದ್ದಿಲ್ಲ. ಆ ಮನಿ ಗೋವಿಂದಗೌಡಂದಲ್ಲ, ಸಣ್ಣಹನುಮಂದು. ಅಂವ ರೇಡಿಯೋ ರಿಪೇರಿ ಮಾಡತಿದ್ದ. ಬಂದ ರೇಡಿಯೋ ಒಂದೂ ವಾಪಸ್ ಹೋಗಲಿಲ್ಲ."

"ಯಾಕ್ರಿ?"

"ಬಿಚ್ಚಾಕ ಬರತಿತ್ತು ಅವಂಗ, ಕೂಡಸಾಕ ಬರತಿದ್ದಿಲ್ಲ."

ಒಳಗಿನಿಂದ ಸೊಸೆಯೂ ನಗುತ್ತಿದ್ದಳು. ದಾಕ್ಷಾಯಣಿ ಒಮ್ಮೊಮ್ಮೆ ಕೆಣಕುತ್ತಿದ್ದಳು: "ಅಕ್ಕೋರ, ದಾವಲಸಾಬ ಏನಂದ, ಅದಷ್ಟ ಹೇಳಿಬಿಡ್ರಿ." ಶಾವಂತ್ರೆವ್ವ ತಲೆಯಾಡಿಸುವಳು. "ಇವತ್ತ ಮೂವತ್ತೊಂದನೇ ಮನಿ. ಮೂವತ್ತೊಂದರಾಗ ಇರು."

ಎರಡನೆಯ ವಾರ ತಪ್ಪಿನ ಪಟ್ಟಿ ಸಣ್ಣದಾಗತೊಡಗಿತು. ದಿನಕ್ಕೆ ಮೂವತ್ತಿದ್ದದ್ದು ಹನ್ನೆರಡಾಯಿತು, ಐದಾಯಿತು. ಹಗೇವು ತಾನೇ ಸುಧಾರಿಸುತ್ತಿದೆ ಎಂದುಕೊಂಡಳು ದಾಕ್ಷಾಯಣಿ. ಶಾವಂತ್ರೆವ್ವನಿಗೆ ಕೇಳುವುದೂ ರೂಢಿಯಾಗಿತ್ತು. ಮೂರು ಪುಟ ಎಂದಿದ್ದರೆ ನಲವತ್ತು ಪುಟ ಕೇಳುತ್ತಿದ್ದಳಂತೆ. "ಹೊತ್ತ ಹೋಗತೈತಿ. ದನಿ ಬಾಳ ಚಲೋ ಐತಿ" ಎನ್ನುತ್ತಿದ್ದಳು. ಸೊಸೆ, "ಮಲಕೊಂಡಾಗೂ ತಗಿಯಂಗಿಲ್ರಿ ಕಿವ್ಯಾಗಿಂದ" ಎಂದಳು.

ನೀರು ಇಳಿಸುವುದಕ್ಕೆ ಇನ್ನು ಐದು ದಿನವಿತ್ತು. ಅವತ್ತು ಎಪ್ಪತ್ತನಾಲ್ಕನೆಯ ಮನೆ. ನೋಟ್‌ಬುಕ್ಕಿನಲ್ಲಿ ಮೂವತ್ತೆಂಟನೆಯ ಪುಟ.

"ಎಪ್ಪತ್ತನಾಲ್ಕು, ಹೂಗಾರ ಫಕೀರವ್ವಂದು" ಎಂದಳು ಶಾವಂತ್ರೆವ್ವ. ಕೈಯನ್ನು ಗಾಳಿಯಲ್ಲಿ ಬಲಕ್ಕೆ ಚಾಚಿದಳು, ಓಣಿಯಲ್ಲಿ ನಿಂತಂತೆ. "ಮೂರ ಮಂದಿ. ಮನಿ ಮುಂದ ಸಣ್ಣ ಕಟ್ಟಿ. ಆ ಕಟ್ಟಿ ಮ್ಯಾಲೆ ಕುಂತ್ರ ಎದರಿಗೆ ಆಲದ ಮರ ಕಾಣತಿತ್ತು."

ದಾಕ್ಷಾಯಣಿಯ ಪೆನ್ನು ನಿಂತಿತು.

"ಯಾಕ ನಿಲ್ಲಸಿದಿ ತಂಗಿ?"

"ಯಾವ ಮರ ಅಂದ್ರಿ ಅಕ್ಕೋರ?"

"ಆಲದ ಮರ. ಊರ ಬಾಯಾಗಿಂದು. ಅದರ ಕೆಳಗ..." ಶಾವಂತ್ರೆವ್ವ ತಡೆದಳು. ಬೆಳಕು ಬರುವ ಕಡೆಗೆ ಮುಖ ತಿರುಗಿಸಿದಳು. ಚಾಚಿದ ಕೈ ನಿಧಾನವಾಗಿ ಮಡಿಲಿಗೆ ಇಳಿಯಿತು. "ಇದ್ದಿಲ್ಲೇನು?"

ದಾಕ್ಷಾಯಣಿಗೆ ಉತ್ತರ ಗೊತ್ತಿತ್ತು. ಆದರೆ ಆ ಉತ್ತರ ಈ ಮುದುಕಿಯ ಬಾಯಿಂದಲೇ ಬಂದದ್ದು. ಹೊನ್ನದಿನ್ನಿಯನ್ನು ಅವಳು ನೋಡಿರಲಿಲ್ಲ.

"ನೀವ ಇದ್ದಿಲ್ಲ ಅಂದಿದ್ರಿ."

"ಅಂದಿದ್ದೆ? ಅಂದಿರಬೇಕು. ಕಣ್ಣಿಗೆ ಕಟ್ಟಿದಂಗ ಐತಲ್ಲವ್ವಾ ಮತ್ತ. ಬಿಳಲಾಗ ಹುಡುಗೂರು ಜೋಕಾಲಿ ಆಡತಿದ್ರು."

ದಾಕ್ಷಾಯಣಿ ಮೆಲ್ಲನೆ ಅವಳ ಕಿವಿಯಿಂದ ಯಂತ್ರ ಬಿಡಿಸಿಕೊಂಡು ತನ್ನ ಚೀಲಕ್ಕೆ ಹಾಕಿದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ನೋಟ್‌ಬುಕ್ಕನ್ನು ಹಿಂದಿನಿಂದ ಮುಂದಕ್ಕೆ ತಿರುವಿದಳು. ಅರವತ್ತನೆಯ ಮನೆ ನಿಜವೇ? ಐವತ್ತೈದು? ತಪ್ಪುಗಳು ಕಡಿಮೆಯಾದ ದಿನದಿಂದ ಯಾವುದನ್ನು ನಂಬಬೇಕು? ಊರಿನ ಏಕೈಕ ಪ್ರತಿಯನ್ನು ಗೆದ್ದಲಿನ ಹೆದರಿಕೆ ಹೇಳಿ ತಂದವಳು ತಾನು. ಉಳಿದಿದ್ದ ಇನ್ನೊಂದು ಪ್ರತಿ ಆ ಮುದುಕಿಯ ತಲೆಯಲ್ಲಿತ್ತು. ಅದರ ಕಿವಿಗೆ ಯಂತ್ರ ಸಿಕ್ಕಿಸಿದವಳೂ ತಾನೇ.

ನೀರು ಇಳಿಯಿತು. ಮೂರು ಟ್ರ್ಯಾಕ್ಟರು ಮಾಡಿಕೊಂಡು ಬಡಾವಣೆಯ ಜನ ಹೋದರು. ದಾಕ್ಷಾಯಣಿ, ಹುಸೇನಬಿ, ಶಾವಂತ್ರೆವ್ವ ಒಂದೇ ಟ್ರೇಲರಿನಲ್ಲಿ ಕೂತರು. ಹೊನ್ನದಿನ್ನಿ ಬೂದು ಕೆಸರಿನ ಬಯಲಾಗಿತ್ತು. ಗೋಡೆಗಳ ಬುಡ ಮೊಣಕಾಲೆತ್ತರಕ್ಕೆ ನಿಂತಿದ್ದವು. ಮೀನಿನ ನಾತ. ಕೆಸರು ಮೇಲ್ಗಡೆ ಒಣಗಿ ಸೀಳು ಬಿಟ್ಟಿತ್ತು, ಕಾಲಿಟ್ಟರೆ ಒಳಗೆ ಮೆತ್ತಗಿತ್ತು.

ಊರು ಮುಳುಗಿದ ಮೇಲೆ ಹುಟ್ಟಿದವರೇ ಹೆಚ್ಚಿಗೆ ಬಂದಿದ್ದರು. ಕಿವಿಯಲ್ಲಿ ಯಂತ್ರ. ಹಗೇವು ಅವರಿಗೆ 'ಹೊನ್ನದಿನ್ನಿಯ ಇನ್ನೂರಾ ಹದಿನಾಲ್ಕು ಮನೆಗಳು' ಓದಿ ಹೇಳುತ್ತಿತ್ತು. ಊರ ಬಾಯಲ್ಲಿ ಒಂದು ದಿಬ್ಬದ ಸುತ್ತ ಗುಂಪು ಕಟ್ಟಿತ್ತು.

"ಇಲ್ಲೇ ನೋಡ್ರಿ ಆಲದ ಮರ ಇದ್ದದ್ದು" ಎಂದ ಒಬ್ಬ. ಅವನ ಪಕ್ಕದಲ್ಲಿದ್ದ ಮುದುಕ, ಇದೇ ಊರಿನಲ್ಲಿ ಹುಟ್ಟಿದವನು, ದಿಬ್ಬವನ್ನು ನೋಡಿ ಹೌದೆಂದು ತಲೆಯಾಡಿಸಿದ. ಹೆಂಗಸರು ಅರಿಸಿನ ಕುಂಕುಮ ಹಾಕಿ ಹೂ ಇಟ್ಟರು. ಯಾರೋ ಕಾಯಿ ಒಡೆದರು. ದಾಕ್ಷಾಯಣಿ ಬಾಯಿ ತೆರೆದಳು. ಕಾಯಿಯ ಚೂರನ್ನು ಒಂದು ಹೆಂಗಸು ಅವಳ ಕೈಗಿಟ್ಟು, "ತಗೋರಿ ಅಕ್ಕಾರ" ಎಂದಳು. ಅವಳು ತೆಗೆದುಕೊಂಡಳು.

ಆಮೇಲೆ ಮೂವರೂ ಒಳಗೆ ನಡೆದರು. ಶಾವಂತ್ರೆವ್ವ ದಾಕ್ಷಾಯಣಿಯ ಭುಜ ಹಿಡಿದಿದ್ದಳು. ಮೊದಲ ಓಣಿಯಲ್ಲಿ ಎರಡು ಮನೆ ಸರಿಯಾಗಿ ಹೇಳಿದಳು ಅನಿಸಿತು. ಮುಂದೆ ದಿಕ್ಕು ತಪ್ಪಿತು. ನಿಂತಳು, ತಿರುಗಿದಳು, ಮತ್ತೆ ನಿಂತಳು.

"ಅಕ್ಕಾ, ಅಲ್ಲಿ ನೋಡ್ರಿ" ಎಂದಳು ಹುಸೇನಬಿ.

ಆವಿಗೆಯ ಸುಟ್ಟ ಮಣ್ಣಿನ ಗುಡ್ಡೆಯ ಹಿಂದೆ, ಇಡೀ ಬಯಲಿಗೆ ಒಂದೇ ಒಂದು ಬಾಗಿಲು ನಿಂತಿತ್ತು. ಎರಡೂ ಕಡೆ ಗೋಡೆ ಬಿದ್ದು ಹೋಗಿತ್ತು. ಜಾಲಿ ಕಟ್ಟಿಗೆಯ ಚೌಕಟ್ಟು ಕಪ್ಪಾಗಿ ಒಂದು ಕಡೆ ವಾಲಿತ್ತು. ಕದ ಮುಚ್ಚಿತ್ತು. ಚಿಲಕ ಹಾಕಿತ್ತು.

ದಾಕ್ಷಾಯಣಿ ಮುದುಕಿಯನ್ನು ಅಲ್ಲಿಗೆ ಕರೆದೊಯ್ದು, ಅವಳ ಕೈಯನ್ನು ಚಿಲಕದ ಮೇಲಿಟ್ಟಳು. ತುಕ್ಕು ಕೈಗೆ ಹತ್ತಿತು.

"ನೂರಾ ಹದಿಮೂರನೇ ಮನಿ ಬಂತ್ರಿ ಅಕ್ಕೋರ" ಎಂದಳು. "ಊರ ಮಂದಿ ಕದ ಕಿತ್ತಕೊಂಡ ಹೊಂಟಾಗ ದಾವಲಸಾಬ ಹೊಸಾ ಕದ ಹಚ್ಚಿದ. ಯಾಕೋ ಅಂತ ಕೇಳಿದ್ರಿ ನೀವು. ಏನಂದಾರಿ ಅಂವ?"

ಶಾವಂತ್ರೆವ್ವ ಚಿಲಕವನ್ನು ಮೇಲೆ ಕೆಳಗೆ ಸವರಿದಳು. ಮುಖದ ಮೇಲೆ ಏನೋ ಬಂದು ಹೋಯಿತು. ತುಟಿಯ ಒಂದು ಕೊನೆ ನಗುವುದಕ್ಕೆ ಹೊರಟಂತೆ ಅಲುಗಿತು. ಆಮೇಲೆ ಆ ನಗು ಹೋಯಿತು. ಮುದುಕಿಯ ಬೆಳ್ಳಗಾದ ಕಣ್ಣಲ್ಲಿ ನೀರು ತುಂಬಿತು.

"ಊರು ನಮ್ಮ ತಾಯಿ" ಎಂದಳು, ತನ್ನದಲ್ಲದ ತಿಳಿಯಾದ ಕನ್ನಡದಲ್ಲಿ. "ತಾಯಿಯನ್ನು ಬರಿಗೈಯಲ್ಲಿ ಬಿಟ್ಟು ಹೋಗಲಾರೆ."

ಎಂಟು ದಿನದ ಮೇಲೆ ಗೇಟು ಹಾಕಿದರು. ಮಳೆಗಾಲಕ್ಕೆ ನೀರು ಮತ್ತೆ ಏರಿತು.

ದಾಕ್ಷಾಯಣಿ ನೋಟ್‌ಬುಕ್ಕಿಗೆ ರಟ್ಟು ಹಾಕಿ ಹೊಲಿದಳು. ಮೂವತ್ತೆಂಟನೆಯ ಪುಟದಲ್ಲಿ 'ಮನಿ ಮುಂದ ಸಣ್ಣ ಕಟ್ಟಿ' ಎಂಬಲ್ಲಿಗೆ ಬರಹ ನಿಂತಿತ್ತು. ಪುಟಗಳಿಗೆ ಕೊನೆಯವರೆಗೂ ನಂಬರು ಹಾಕಿ, ಐವತ್ತೊಂದನೆಯದರಲ್ಲಿ ಪರದೆಯ ಐವತ್ತೊಂದನೆಯ ಪುಟವನ್ನು 'ಅವನು ಹೇಳಿದ್ದು' ಎಂಬಲ್ಲಿಯವರೆಗೆ ನಕಲು ಮಾ‌ಡಿದಳು. ಮೂಲೆಯಲ್ಲಿ ಹಳೆಯ ಮೊಹರು ಒತ್ತಿದಳು. ಉಳಿದ ಪುಟಗಳನ್ನು ಖಾಲಿ ಬಿಟ್ಟಳು. ಹಳೆಯ ಮಾದರಿಯ ಒಂದು ಸೂಚೀ ಕಾರ್ಡು ಮಾಡಿ, ಹಗೇವಿನ ಪಟ್ಟಿಯಲ್ಲಿ 'ಪೂರ್ಣ, 98 ಪುಟ' ಎಂದಿರುವ ಕಡೆ, 'ಅಪೂರ್ಣ. 38 ಪುಟ, ಅದರಲ್ಲಿ ಕೊನೆಯ ಕೆಲವು ಅನುಮಾನ. 51ನೆಯದು ಖಾತ್ರಿ' ಎಂದು ಬರೆದಳು. ಎರಡನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಹಗೇವಿಗೆ ಕಳಿಸಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಹುಸೇನಬಿ ಪರದೆಗಳನ್ನು ಹಚ್ಚಿ ಕೂತಿದ್ದಳು. ಪಟ್ಟಿಯಲ್ಲಿ ಕೆಂಪು ಚುಕ್ಕೆಗಳು ತುಂಬಿದ್ದವು. ಬೆರಳು ಗಾಜಿನ ಮೇಲೆ ಇಡದೆ ದಾಕ್ಷಾಯಣಿಯ ಕಡೆ ನೋಡಿದಳು.

"ಇವತ್ತ ಯಾವ ಪುಟಾ ಮುಟ್ಟಲ್ರಿ ಅಕ್ಕಾ?"

ಬೇರೆ ಪುಟ ಮುಟ್ಟಿದರೆ ಅಲ್ಲಿ ಉಳಿಯುವುದು ಯಂತ್ರ ತುಂಬಿದ್ದು. ಮುಟ್ಟದೆ ಬಿಟ್ಟರೆ ಆ ಒಂದು ಗೆರೆಯೂ ಮಸುಕಾಗುತ್ತದೆ. ದಾಕ್ಷಾಯಣಿ ಕನ್ನಡಕ ಒರೆಸಿ ಹಾಕಿಕೊಂಡು, ಎದುರಿನ ಕುರ್ಚಿಯಲ್ಲಿ ಕೂತಳು.

"ಐವತ್ತೊಂದ" ಎಂದಳು.